ಬ್ಯಾಂಡು ಸಿನಿಮಾದ ಮೆಟ್ಟಿಲಲ್ಲ

ಸ್ವಂತ ಹಾಡು ಕಟ್ಟಿ ಹಾಡುವ ಹುಡುಗ ಹುಡುಗಿಯರನ್ನು ನಮ್ಮೂರಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: “ಸಿನಿಮಾದಲ್ಲಿ ಚಾನ್ಸ್ ಸಿಕ್ತಾ?” ಸಿಕ್ಕಿದ್ದರೆ ಗೆದ್ದರು. ಸಿಗದಿದ್ದರೆ “ಇನ್ನೆಷ್ಟು ದಿನ ಈ ಹುಚ್ಚು?” ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಹೊಸಕೆರೆಹಳ್ಳಿಯ ಮಹಡಿ ಮನೆಗಳಲ್ಲಿ, ಕತ್ರಿಗುಪ್ಪೆಯ ದರ್ಶಿನಿಗಳಲ್ಲಿ, ಗಿರಿನಗರದ ಗೃಹಪ್ರವೇಶಗಳಲ್ಲಿ ಈ ಮಾತು ಕಿವಿಗೆ ಬೀಳದೆ ಗಿಟಾರು ಹಿಡಿದವರು ಕಡಿಮೆ. ಮನೆಯ ಹಿರಿಯರಷ್ಟೇ ಹೀಗೆ ಹೇಳುವುದಿಲ್ಲ. ಕಾಲೇಜು, ಗಣೇಶೋತ್ಸವ ಸಮಿತಿ, ಪತ್ರಿಕೆ, ಟಿ.ವಿ. ಎಲ್ಲವೂ ಇದನ್ನೇ ಬೇರೆ ಬೇರೆ ದನಿಯಲ್ಲಿ ಹೇಳುತ್ತವೆ. ಸ್ವತಂತ್ರ ಬ್ಯಾಂಡು ಎಂದರೆ ಸಿನಿಮಾಕ್ಕೆ ಹತ್ತುವ ಮೆಟ್ಟಿಲು. ಹತ್ತಲಾಗದವರು ಕೆಲಸಕ್ಕೆ ಸೇರಿ, ಮದುವೆಯಾಗಿ, ಗಿಟಾರನ್ನು ಅಟ್ಟಕ್ಕೆ ಹಾಕಬೇಕು. ಇದು ಈಗ ಯಾರೂ ಪ್ರಶ್ನಿಸದ ತೀರ್ಪಾಗಿಬಿಟ್ಟಿದೆ.

ಈ ತೀರ್ಪು ತಪ್ಪು. ಕನ್ನಡದ ಹಾಡಿನ ಚರಿತ್ರೆಯೇ ಇದನ್ನು ಸುಳ್ಳೆನ್ನುತ್ತದೆ. ನಾಟಕ, ಕಾವ್ಯ, ಪತ್ರಿಕೆ ಇವುಗಳನ್ನು ಅಳೆಯಲು ನಾವು ಎಂದೂ ಬಳಸದ ಅಳತೆಗೋಲನ್ನು ಬ್ಯಾಂಡುಗಳ ಮೇಲೆ ಮಾತ್ರ ಪ್ರಯೋಗಿಸುತ್ತಿದ್ದೇವೆ. ಅದರಿಂದ ಆಗುತ್ತಿರುವ ನಷ್ಟ ಬ್ಯಾಂಡು ಕಟ್ಟಿದವರದ್ದಷ್ಟೇ ಅಲ್ಲ, ಕನ್ನಡದ್ದೂ ಹೌದು.

ಮೊದಲು ಹಾಡಿನ ವಿಷಯವನ್ನೇ ನೋಡೋಣ. ಕನ್ನಡ ಹಾಡಿನ ಮನೆ ಸಿನಿಮಾ ಎಂದು ನಂಬಿದವರು ಐವತ್ತು ವರ್ಷ ಹಿಂದಕ್ಕೆ ಹೋದರೂ ಸಾಕು, ಆ ನಂಬಿಕೆ ನಿಲ್ಲುವುದಿಲ್ಲ. ಪಿ. ಕಾಳಿಂಗರಾಯರು ಸಿನಿಮಾಕ್ಕೂ ದುಡಿದರು, ಆದರೆ ಅವರ ಹೆಸರು ಉಳಿದದ್ದು ಕವಿಗಳ ಪದ್ಯಗಳನ್ನು ಊರೂರಿನ ವೇದಿಕೆಗಳಲ್ಲಿ ಹಾಡಿದ್ದರಿಂದ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ಅದರಲ್ಲಿ ನಾಯಕ ಇರಲಿಲ್ಲ, ನಾಯಕಿ ಇರಲಿಲ್ಲ, ಪರದೆಯೇ ಇರಲಿಲ್ಲ. ಆದರೂ ಅದು ಮನೆಮನೆಗೆ ಹೋಯಿತು. ಭಾವಗೀತೆ ಎಂಬ ಇಡೀ ಒಂದು ಕ್ಯಾಸೆಟ್ ಲೋಕಕ್ಕೆ ದಾರಿ ಮಾಡಿತು. ಶಿಶುನಾಳ ಷರೀಫರ ಪದಗಳು ನಗರದವರ ಬಾಯಿಗೆ ಬಂದದ್ದೂ ಇದೇ ದಾರಿಯಲ್ಲಿ. 2005ರ ಏಪ್ರಿಲ್‌ನಲ್ಲಿ ಸಿ. ಅಶ್ವತ್ಥ್ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆಸಿದಾಗ ಮೈದಾನ ತುಂಬಿ ತುಳುಕಿತು. ಆ ಜನಸಾಗರ ಬಂದದ್ದು ಸಿನಿಮಾ ಹಾಡಿಗಲ್ಲ, ಕನ್ನಡದ ಕವಿತೆಗೆ.

ಬ್ಯಾಂಡುಗಳಿಗೆ ಇದಕ್ಕಿಂತ ಹತ್ತಿರದ ಇನ್ನೊಂದು ಉದಾಹರಣೆಯಿದೆ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. ಆ ಪದ್ಯಗಳನ್ನು ಜನರ ಬಳಿಗೆ ಒಯ್ದದ್ದು ಯಾವ ಕಂಪನಿಯೂ ಅಲ್ಲ. ದಲಿತ ಸಂಘರ್ಷ ಸಮಿತಿಯ ಹುಡುಗರು ತಮಟೆ ಹಿಡಿದು ಕೇರಿಯಿಂದ ಕೇರಿಗೆ ಹಾಡಿಕೊಂಡು ಹೋದರು. ‘ಸಮುದಾಯ’ ರಂಗತಂಡದ ಜಾಥಾಗಳಲ್ಲಿ, ಬಂಡಾಯ ಸಾಹಿತ್ಯದ ಸಭೆಗಳಲ್ಲಿ ಹಾಡು ಬಾಯಿಂದ ಬಾಯಿಗೆ ಹರಿಯಿತು. ಅದರ ಮಾತು ಒರಟೆಂದು ಮೂಗು ಮುರಿದವರಿದ್ದರು. ಆ ಒರಟುತನವೇ ಅದರ ಸತ್ಯವಾಗಿತ್ತು.

ಇದಾದ ಮರುವರ್ಷ, 1976ರಲ್ಲಿ, ಲಂಡನ್ನಿನಲ್ಲಿ ಪಂಕ್ ಎಂಬ ರಾಕ್ ಸಂಗೀತ ಹೊತ್ತಿಕೊಂಡಿತು. ಅದಕ್ಕೂ ಎರಡು ವರ್ಷ ಮೊದಲೇ ನ್ಯೂಯಾರ್ಕಿನಲ್ಲಿ ರಮೋನ್ಸ್ ತಂಡ ಹುಟ್ಟಿತ್ತು. ಎರಡು ನಿಮಿಷದ ಹಾಡು, ಮೂರು ಕಾರ್ಡು, ಕಿರುಚುವ ಕಂಠ. ಕೆಲಸವಿಲ್ಲದ, ಯಾರಿಗೂ ಬೇಡವಾದ ಹುಡುಗರು ಯಾರ ಅಪ್ಪಣೆಗೂ ಕಾಯದೆ ವೇದಿಕೆ ಹತ್ತಿದರು. ಜಾತಿಯ ಅವಮಾನವನ್ನೂ ಲಂಡನ್ನಿನ ನಿರುದ್ಯೋಗವನ್ನೂ ನಾನು ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ, ಅವು ಒಂದಲ್ಲ. ನಾನು ಹೇಳುತ್ತಿರುವುದು ಹಾಡು ನಡೆದ ದಾರಿಯ ಬಗ್ಗೆ. ಕಂಪನಿಯ ಒಪ್ಪಿಗೆ ಬೇಕಿಲ್ಲ, ಪಂಡಿತರ ಒಪ್ಪಿಗೆ ಬೇಕಿಲ್ಲ. ಹೇಳಲು ಮಾತಿದ್ದವರು ಎದ್ದು ನಿಂತು ಹಾಡಲಿ. ಪಂಕ್ ಕಂಡುಕೊಂಡ ಈ ಧೈರ್ಯ ಕನ್ನಡಕ್ಕೆ ಹೊಸತಾಗಿರಲಿಲ್ಲ. ನಮ್ಮ ಬೀದಿಗಳಲ್ಲಿ ಅದು ಆಗಲೇ ನಡೆದಾಡುತ್ತಿತ್ತು.

ಹಾಗಿದ್ದೂ “ರಾಕ್ ನಮ್ಮದಲ್ಲ, ಹೊರಗಿನ ಗಲಾಟೆ” ಎಂಬ ಮೊದಲ ಆಕ್ಷೇಪ ದಕ್ಷಿಣ ಬೆಂಗಳೂರಿನಲ್ಲಿ ಗಟ್ಟಿಯಾಗಿ ಕೇಳಿಸುತ್ತದೆ. ಇದು ಸಭಾಗಳ ಸೀಮೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಛೇರಿಗಳು 1939ರಿಂದ ನಡೆದು ಬಂದಿವೆ. ಆ ಪರಂಪರೆಯ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಆ ಕಛೇರಿಯ ಪಕ್ಕವಾದ್ಯ ಪಿಟೀಲು ಎಲ್ಲಿಂದ ಬಂತು? ಯುರೋಪಿನಿಂದ. ನಮ್ಮ ಕಂಪನಿ ನಾಟಕಗಳ ಹಾರ್ಮೋನಿಯಂ? ಅದೂ ಅಲ್ಲಿಂದಲೇ. ನಾಗಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯಲ್ಲಿ ನುಡಿಸಿದರು. ಮೈಸೂರಿನ ಜಯಚಾಮರಾಜ ಒಡೆಯರು ರಷ್ಯಾದ ಸಂಗೀತಕಾರ ಮೆಡ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಅದೇ ಒಡೆಯರು ಕರ್ನಾಟಕ ಸಂಗೀತದಲ್ಲಿ ಕೀರ್ತನೆಗಳನ್ನೂ ರಚಿಸಿದರು. ಒಂದು ವಾದ್ಯ ಎಲ್ಲಿ ಹುಟ್ಟಿತು ಎಂಬುದರಿಂದ ಅದು ಯಾರದು ಎಂದು ತೀರ್ಮಾನವಾಗುವುದಿಲ್ಲ. ಅದರಲ್ಲಿ ಯಾರು ಏನು ನುಡಿಸಿದರು ಎಂಬುದರಿಂದ ಆಗುತ್ತದೆ.

ಎಲೆಕ್ಟ್ರಿಕ್ ಗಿಟಾರಿನಲ್ಲಿ ಕನ್ನಡ ನುಡಿಸಿದವರು ಇದ್ದಾರೆ. 2008ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ದ್ವೇಷ’ ಎಂಬ ತಂಡ ಡೆತ್ ಮೆಟಲ್ ಎಂಬ ಅತ್ಯಂತ ಕರ್ಕಶ ಪ್ರಕಾರವನ್ನು ಕನ್ನಡದಲ್ಲಿ ಹಾಡಿತು. 2014ರಲ್ಲಿ ಬಂದ ಅವರ ‘ಸ್ತೂಪ’ ಆಲ್ಬಮ್ಮನ್ನು ಹೊರತಂದದ್ದು ಜರ್ಮನಿಯ ಒಂದು ಸಣ್ಣ ಸಂಸ್ಥೆ. ಅದರ ಹಾಡುಗಳ ಪಟ್ಟಿಯಲ್ಲಿ ಉಗ್ರ ನರಸಿಂಹ ಇದ್ದಾನೆ, ಹೊಯ್ಸಳರ ಸಳ ಇದ್ದಾನೆ. ಇಂಗ್ಲಿಷಿನಲ್ಲಿ ಹಾಡಿದ್ದರೆ ಕೇಳುಗರು ಹೆಚ್ಚುತ್ತಿದ್ದರು ಎಂಬುದು ಆ ತಂಡಕ್ಕೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಕನ್ನಡವನ್ನು ಆರಿಸಿಕೊಂಡರು. ನವೆಂಬರ್ ತಿಂಗಳಿಡೀ ಬೀದಿಬೀದಿಯಲ್ಲಿ ಬಾವುಟ ಹಾರಿಸುವ ನಾವು ಈ ತಂಡದ ಹೆಸರನ್ನು ಎಷ್ಟು ವೇದಿಕೆಗಳಲ್ಲಿ ಹೇಳಿದ್ದೇವೆ? ಕನ್ನಡದ ಆ ಕೆಲಸಕ್ಕೆ ಜರ್ಮನಿಯಲ್ಲಿ ಬೆಲೆ ಸಿಕ್ಕಿತು. ಹೊಸಕೆರೆಹಳ್ಳಿಯ ರಾಜ್ಯೋತ್ಸವ ಸಮಿತಿಯೇ ಇರಲಿ, ಮಲ್ಲೇಶ್ವರದ್ದೇ ಇರಲಿ, ಅಂಥದೊಂದು ತಂಡವನ್ನು ಕರೆಯುವ ಯೋಚನೆಯೂ ಯಾರಿಗೂ ಹೊಳೆಯುವುದಿಲ್ಲ.

ಎರಡನೆಯ ಆಕ್ಷೇಪ ವಿದ್ಯೆಯದು. “ಶಾಸ್ತ್ರ ಕಲಿತಿಲ್ಲ, ಮೂರು ಕಾರ್ಡ್ ಬಾರಿಸಿ ಕೂಗಿದರೆ ಸಂಗೀತವೇ?” ಪಂಕ್ ಈ ಪ್ರಶ್ನೆಯನ್ನು ಹುಟ್ಟಿದ ದಿನವೇ ಎದುರಿಸಿತು. 1976ರ ಡಿಸೆಂಬರ್ ಕೊನೆಯಲ್ಲಿ ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ತಂಡ ಮನೆಯವರು, ಗೆಳೆಯರಿಂದ ಐನೂರು ಪೌಂಡು ಕೈಗಡ ತಂದು, ಕೆಲವೇ ಗಂಟೆಗಳಲ್ಲಿ ನಾಲ್ಕು ಹಾಡು ಮುದ್ರಿಸಿ, ಸ್ವಂತ ಸಂಸ್ಥೆಗೆ ತಾನೇ ಒಂದು ಹೆಸರು ಇಟ್ಟುಕೊಂಡು ಮರುತಿಂಗಳು ಸಾವಿರ ಪ್ರತಿ ಹೊರತಂದಿತು. ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಆ ತಟ್ಟೆ ಕೊನೆಗೆ ಹದಿನಾರು ಸಾವಿರದಷ್ಟು ಮಾರಾಟವಾಯಿತು. ಅದಕ್ಕಿಂತ ದೊಡ್ಡ ಸಂಗತಿ ಎಂದರೆ, ಕಂಪನಿ ಇಲ್ಲದೆಯೂ ಹಾಡು ಹೊರತರಬಹುದು ಎಂಬುದು ನೂರಾರು ತಂಡಗಳಿಗೆ ಅಂದು ತಿಳಿಯಿತು. ಇಂದು ಬನಶಂಕರಿ ಮೂರನೇ ಹಂತದ ಬಾಡಿಗೆ ಕೋಣೆಯಲ್ಲಿ ಲ್ಯಾಪ್‌ಟಾಪ್, ಒಂದು ಆಡಿಯೊ ಇಂಟರ್‌ಫೇಸ್, ಒಂದೆರಡು ಮೈಕು ಇಟ್ಟುಕೊಂಡು ಹಾಡು ಮುದ್ರಿಸುವ ವಿದ್ಯಾರ್ಥಿ ಆ ಮನೆತನಕ್ಕೆ ಸೇರಿದವನು.

ಮೂರು ಕಾರ್ಡು ಕಡಿಮೆ ಎನ್ನುವವರು ನಮ್ಮ ತತ್ವಪದಕಾರರನ್ನು ನೆನೆಯಬೇಕು. ಏಕತಾರಿಯಲ್ಲಿರುವುದು ಒಂದೇ ತಂತಿ. ಜೊತೆಗೆ ಒಂದು ದಮ್ಮಡಿ, ಒಂದು ಜೊತೆ ತಾಳ. ಷರೀಫರ ಪದ ರಾತ್ರಿಯಿಡೀ ಜನರನ್ನು ಕೂರಿಸುವುದು ಆ ಒಂದು ತಂತಿಯ ಮೇಲೆಯೇ. ಸಾಧನ ಕಡಿಮೆಯಾದಷ್ಟೂ ಮಾತಿನ ಮೇಲೆ ಭಾರ ಹೆಚ್ಚು; ಅಲ್ಲಿ ಪೊಳ್ಳು ಮಾತು ಅಡಗಿಕೊಳ್ಳಲು ಜಾಗವಿಲ್ಲ. ಶಾಸ್ತ್ರೀಯ ಸಂಗೀತದ ಕಸುಬು ಒಂದು, ಪದದ ಕಸುಬು ಇನ್ನೊಂದು. ಒಂದರ ಪರೀಕ್ಷೆಯಲ್ಲಿ ಇನ್ನೊಂದನ್ನು ಕೂರಿಸಿ ಫೇಲು ಮಾಡುವುದು ನ್ಯಾಯವಲ್ಲ.

ಮೂರನೆಯದು ಎಲ್ಲಕ್ಕಿಂತ ಬಲವಾದ ಆಕ್ಷೇಪ: ಹೊಟ್ಟೆಪಾಡು. “ಓದು ಮುಗಿಸು, ಕೆಲಸ ಹಿಡಿ, ಆಮೇಲೆ ಬೇಕಾದ್ದು ಮಾಡ್ಕೋ ಕಣೋ” ಎನ್ನುವ ತಾಯಿತಂದೆಯರ ಆತಂಕ ನಿಜವಾದದ್ದು. ಅದನ್ನು ಹಗುರಾಗಿ ನೋಡುವವರಲ್ಲಿ ನಾನಿಲ್ಲ. ಸಾಲ ಮಾಡಿ ಇಂಜಿನಿಯರಿಂಗ್ ಓದಿಸುವ ಮನೆ ಈ ಮಾತು ಹೇಳಲೇಬೇಕು. ಸ್ವಂತ ಹಾಡಿನಿಂದ ಬರುವ ದುಡ್ಡೂ ಕಡಿಮೆಯೇ. ಪಬ್ಬಿನಲ್ಲಿ ನುಡಿಸಿದರೆ ಬಂದದ್ದನ್ನು ನಾಲ್ವರು ಹಂಚಿಕೊಳ್ಳಬೇಕು. ಜ್ಯಾಮ್ ರೂಮಿನ ಗಂಟೆ ಬಾಡಿಗೆ, ಡ್ರಮ್ಸ್ ಸಾಗಿಸುವ ಟೆಂಪೊ, ತಂತಿ, ಕೇಬಲ್ಲು ಎಲ್ಲವೂ ಅದರಲ್ಲೇ ಆಗಬೇಕು. ಹೆಚ್ಚಿನ ಕಡೆ ಕೇಳುವುದು ಜನಪ್ರಿಯ ಹಾಡುಗಳ ಕವರನ್ನು. ಸ್ವಂತದ್ದಕ್ಕೆ ಸಮಯ ಕೊಡುವವರು ವಿರಳ. ಆನ್‌ಲೈನಿನಲ್ಲಿ ಒಬ್ಬರು ಒಮ್ಮೆ ಕೇಳಿದರೆ ಬರುವುದು ಒಂದು ರೂಪಾಯಿಯ ಸಣ್ಣ ಚೂರು. ಇದೆಲ್ಲ ಸತ್ಯ.

ಆದರೆ ಈ ಸತ್ಯದಿಂದ “ಆದ್ದರಿಂದ ಬ್ಯಾಂಡು ಸೋತಿತು” ಎಂಬ ತೀರ್ಮಾನಕ್ಕೆ ಹಾರುವುದು ಹೇಗೆ? ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಿಸಾರ್ ಅಹಮದ್ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುತ್ತಿದ್ದರು. ಮೈದಾನ ತುಂಬಿಸಿದ ಸಿ. ಅಶ್ವತ್ಥ್ ಐಟಿಐ ಕಾರ್ಖಾನೆಯಲ್ಲಿ 27 ವರ್ಷ ನೌಕರಿ ಮಾಡಿದರು. ಕೆಲಸ ಮಾಡಿಕೊಂಡೇ ರಾಗ ಹಾಕಿದರೆಂದು ಅವರನ್ನು ಅರೆ ಕಲಾವಿದ ಎಂದವರುಂಟೇ? ಎನ್.ಆರ್. ಕಾಲೊನಿಯಲ್ಲಿ ಅವರ ಹೆಸರಿನ ಕಲಾಭವನವಿದೆ. ಬೆಂಗಳೂರಿನ ಹವ್ಯಾಸಿ ರಂಗಭೂಮಿಯನ್ನು ನೋಡಿ. 1974ರಲ್ಲಿ ಬಿ.ವಿ. ಕಾರಂತರು ಹುಟ್ಟುಹಾಕಿದ ಬೆನಕ ತಂಡದಿಂದ ಹಿಡಿದು ಇವತ್ತಿನ ಹೊಸ ತಂಡಗಳವರೆಗೆ, ಹಗಲು ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಕಾರ್ಖಾನೆಯಲ್ಲಿ ದುಡಿದು ಸಂಜೆ ತಾಲೀಮಿಗೆ ಬಂದವರೇ ನಮ್ಮ ಆಧುನಿಕ ರಂಗಭೂಮಿಯನ್ನು ಕಟ್ಟಿದರು. ಅವರಿಗೆ ನಾವು ಹವ್ಯಾಸಿ ಎಂಬ ಹೆಸರನ್ನು ಗೌರವದಿಂದ ಕೊಟ್ಟೆವು. ಟಿಕೆಟ್ ದುಡ್ಡಿನಲ್ಲಿ ಸಂಸಾರ ನಡೆಯಿತೇ ಎಂದು ‘ಜೋಕುಮಾರಸ್ವಾಮಿ’ಯ ನಟರನ್ನು ಯಾರೂ ಕೇಳಲಿಲ್ಲ. ಅದೇ ಊರಿನಲ್ಲಿ, ಅದೇ ತರಹ ಹಗಲು ಕೋಡ್ ಬರೆದು ರಾತ್ರಿ ಡ್ರಮ್ಸ್ ನುಡಿಸುವ ಹುಡುಗಿಗೆ ಮಾತ್ರ “ಇದು ಟೈಮ್‌ಪಾಸ್” ಎನ್ನುತ್ತೇವೆ. ಈ ಪಕ್ಷಪಾತಕ್ಕೆ ಯಾವ ಸಮರ್ಥನೆಯೂ ಇಲ್ಲ.

ಸಿನಿಮಾದ ದಾರಿಯಲ್ಲಿ ಸಿಗುವುದೇನು, ಕಳೆದುಕೊಳ್ಳುವುದೇನು ಎಂಬ ಲೆಕ್ಕವನ್ನೂ ಮಾಡಬೇಕು. ಸಿನಿಮಾಕ್ಕೆ ಮಾಡಿದ ಹಾಡಿನ ಧ್ವನಿಮುದ್ರಣ ಸಾಮಾನ್ಯವಾಗಿ ನಿರ್ಮಾಪಕರದ್ದಾಗುತ್ತದೆ, ಅವರಿಂದ ಆಡಿಯೊ ಕಂಪನಿಗೆ ಹೋಗುತ್ತದೆ. ಗೀತರಚನೆಕಾರರಿಗೆ, ಸಂಗೀತ ನಿರ್ದೇಶಕರಿಗೆ ರಾಯಧನದಲ್ಲಿ ಬಿಟ್ಟುಕೊಡಲಾಗದ ಪಾಲು ಸಿಗಬೇಕೆಂದು ಕಾನೂನು ಹೇಳಿದ್ದೇ 2012ರ ಹಕ್ಕುಸ್ವಾಮ್ಯ ತಿದ್ದುಪಡಿಯ ನಂತರ. ತನ್ನ ದುಡ್ಡಿನಲ್ಲಿ ಮುದ್ರಿಸಿದ ಬ್ಯಾಂಡಿಗೆ ಸಾಹಿತ್ಯ, ರಾಗ, ಧ್ವನಿಮುದ್ರಣ ಮೂರೂ ತನ್ನದೇ. ಯಾವ ಸಾಲನ್ನೂ ಕಥಾನಾಯಕನ ವರ್ಚಸ್ಸಿಗಾಗಿ ತಿದ್ದಬೇಕಿಲ್ಲ. ಬೆಂಗಳೂರಿನ ಸ್ವರಾತ್ಮ ತಂಡ ಕಾವೇರಿ ಜಗಳದ ಬಗ್ಗೆ ನದಿಯ ಕಡೆ ನಿಂತು ಹಾಡಿತು. ಎರಡು ರಾಜ್ಯಗಳಲ್ಲಿ ಬಿಡುಗಡೆಯಾಗಬೇಕಾದ ಯಾವ ಸಿನಿಮಾ ಆ ಧೈರ್ಯ ಮಾಡೀತು? ಹೇಳಬೇಕಾದ್ದನ್ನು ಹೇಳುವ ಸ್ವಾತಂತ್ರ್ಯವೂ ಒಂದು ಸಂಪಾದನೆಯೇ.

ಕೆಲವರು ರಘು ದೀಕ್ಷಿತರ ಹೆಸರೆತ್ತಿ “ನೋಡಿ, ಸಿನಿಮಾದಿಂದ ಮೇಲೆ ಬಂದರು” ಎನ್ನುತ್ತಾರೆ. ನಡೆದದ್ದು ಬೇರೆ. ಅಂತರಾಗ್ನಿ ತಂಡದ ಕಾಲದಿಂದ ವರ್ಷಗಟ್ಟಲೆ ವೇದಿಕೆಗಳಲ್ಲಿ ಪಳಗಿದ ಹಾಡುಗಳು 2008ರಲ್ಲಿ ಆಲ್ಬಮ್ ಆಗಿ ಬಂದವು. ಅವುಗಳಲ್ಲಿ ಷರೀಫರ ಪದಗಳೂ ಇದ್ದವು. 2010ರಲ್ಲಿ ಬ್ರಿಟನ್ನಿನ ಟಿ.ವಿ. ವೇದಿಕೆಗೂ, 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಪ್ರಶಸ್ತಿಗೂ ಅವರನ್ನು ಒಯ್ದದ್ದು ಆ ಹಾಡುಗಳು. ಸಿನಿಮಾ ಅವರನ್ನು ಕರೆದದ್ದೂ ಬ್ಯಾಂಡಿನ ಕೆಲಸ ನೋಡಿಯೇ. ಮರದಲ್ಲಿ ಬೇರು ಯಾವುದು, ಕೊಂಬೆ ಯಾವುದು ಎಂಬುದನ್ನು ತಲೆಕೆಳಗು ಮಾಡಿ ಓದಬಾರದು.

“ಸರಿ, ಆದರೆ ಬ್ಯಾಂಡುಗಳು ಬಾಳುವುದಿಲ್ಲವಲ್ಲ, ನಾಲ್ಕು ವರ್ಷಕ್ಕೆ ಒಡೆದುಹೋಗುತ್ತವೆ” ಎಂಬುದು ಮುಂದಿನ ಮಾತು. ಮೊದಲನೆಯದಾಗಿ, ಬಾಳಿದವು ನಮ್ಮ ಕಣ್ಣೆದುರಿಗೇ ಇವೆ. ಥರ್ಮಲ್ ಅಂಡ್ ಎ ಕ್ವಾರ್ಟರ್ ಹುಟ್ಟಿದ್ದು 1996ರಲ್ಲಿ. ತಮ್ಮ ಸಂಗೀತಕ್ಕೆ ‘ಬ್ಯಾಂಗಲೋರ್ ರಾಕ್’ ಎಂದೇ ಹೆಸರಿಟ್ಟುಕೊಂಡ ಆ ತಂಡ, ಈ ಊರಿನ ಆಟೊದವರ ಮೀಟರ್ ಮೇಲೆ ಒಂದೂವರೆಯನ್ನೂ ಹಾಡು ಮಾಡಿತು. ಸಂಗೀತ ಶಾಲೆ ತೆರೆದು ಮುಂದಿನ ತಲೆಮಾರಿಗೆ ಕಲಿಸಿತು. ಕ್ರಿಪ್ಟೋಸ್ ಹುಟ್ಟಿದ್ದು 1998ರಲ್ಲಿ. 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. ಹೆವಿ ಮೆಟಲ್ ಲೋಕದ ಅತಿ ದೊಡ್ಡ ಜಾತ್ರೆಗಳಲ್ಲಿ ಅದೊಂದು. ಕಾಲು ಶತಮಾನ ಕಳೆದ ಮೇಲೆಯೂ, 2024ರಲ್ಲಿ, ಹೊಸ ಆಲ್ಬಮ್ ತಂದಿತು. ಸಿನಿಮಾದ ಹಂಗಿಲ್ಲದೆ ಇಷ್ಟು ದೂರ ಬಂದವರನ್ನು ಈ ಊರಿನ ಎಷ್ಟು ಕನ್ನಡ ಮನೆಗಳು ಹೆಸರು ಹಿಡಿದು ಗುರುತಿಸುತ್ತವೆ?

ಎರಡನೆಯದಾಗಿ, ಒಡೆದುಹೋದದ್ದೆಲ್ಲ ಸೋಲಲ್ಲ. ವಾಷಿಂಗ್ಟನ್ನಿನ ಮೈನರ್ ಥ್ರೆಟ್ ಇದ್ದದ್ದು 1980ರಿಂದ 1983ರವರೆಗೆ. ಆ ಹುಡುಗರು ಸ್ವಂತ ಹಾಡು ಹೊರತರಲು ಕಟ್ಟಿಕೊಂಡ ಡಿಸ್ಕಾರ್ಡ್ ಸಂಸ್ಥೆ ನಲವತ್ತು ವರ್ಷ ದಾಟಿ ಉಳಿದಿದೆ. ಅವರಲ್ಲೊಬ್ಬರು ಮುಂದೆ ಕಟ್ಟಿದ ಫುಗಾಝಿ ತಂಡ ಟಿಕೆಟ್ಟನ್ನು ಐದು ಡಾಲರಿನ ಆಸುಪಾಸಿನಲ್ಲೇ ಇಟ್ಟಿತು, ಎಳೆಯರಿಗೂ ಬಾಗಿಲು ತೆರೆದಿಟ್ಟಿತು, ತನ್ನ ಹೆಸರಿನ ಟೀ ಶರ್ಟನ್ನೂ ಮಾರಲಿಲ್ಲ. 1980ರಲ್ಲಿ, ಡಿಸ್ಕಾರ್ಡ್ ಹುಟ್ಟಿದ ವರ್ಷವೇ, ಬೆಂಗಳೂರಿನಲ್ಲಿ ‘ಲಂಕೇಶ್ ಪತ್ರಿಕೆ’ ಆರಂಭವಾಯಿತು. ಜಾಹೀರಾತು ಬೇಡ, ಓದುಗರ ಕಾಸಿನಿಂದಲೇ ನಡೆಯುತ್ತೇನೆ ಎಂದು ನಡೆದು ತೋರಿಸಿತು. ಅಡಿಗರ ‘ಸಾಕ್ಷಿ’ ನಿಂತುಹೋಗಿ ದಶಕಗಳಾದವು. ಅದನ್ನು ಸೋತ ಪತ್ರಿಕೆ ಎನ್ನುವ ಕನ್ನಡಿಗರು ಯಾರಿದ್ದಾರೆ? ಸಣ್ಣ ಪತ್ರಿಕೆಗೆ ಕೊಡುವ ಈ ಗೌರವ ಸಣ್ಣ ಬ್ಯಾಂಡಿಗೂ ಸಲ್ಲಬೇಕು. ಅದು ಎಷ್ಟು ವರ್ಷ ಬದುಕಿತು ಎಂಬುದಕ್ಕಿಂತ ಬದುಕಿದಷ್ಟು ದಿನ ಏನು ಹೇಳಿತು, ಯಾರಿಗೆ ಧೈರ್ಯ ಕೊಟ್ಟಿತು ಎಂಬುದು ಮುಖ್ಯ.

ಕೊನೆಯ ವಾದ ಮಾರುಕಟ್ಟೆಯದು: “ಗಟ್ಟಿ ಇದ್ದರೆ ತಾನಾಗಿ ಮೇಲೆ ಬರುತ್ತಾರೆ.” ಬರಲು ಜಾಗ ಎಲ್ಲಿದೆ? ಬೆಂಗಳೂರು ರಾಕ್ ರಾಜಧಾನಿ ಎಂದು ಎದೆ ತಟ್ಟಿಕೊಳ್ಳುತ್ತೇವೆ. ರೋಜರ್ ವಾಟರ್ಸ್ 2002ರಲ್ಲಿ, ರೋಲಿಂಗ್ ಸ್ಟೋನ್ಸ್ 2003ರಲ್ಲಿ, ಐರನ್ ಮೇಡನ್ 2007ರಲ್ಲಿ, ಮೆಟಾಲಿಕಾ 2011ರಲ್ಲಿ ಬಂದು ಹೋದದ್ದನ್ನು ಪಟ್ಟಿ ಹೇಳುತ್ತೇವೆ. ಅದು ನೋಡುಗರ ಕೀರ್ತಿ. ನುಡಿಸುವವರ ಪಾಡು ಬೇರೆ. ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿಗಾಗಿ ಬೆಂಗಳೂರು ಪೊಲೀಸರು 2005ರಲ್ಲಿ ತಂದ ಆದೇಶ ಡಾನ್ಸ್ ಬಾರು, ಕ್ಯಾಬರೆ, ಗಿಟಾರು ಹಿಡಿದ ತಂಡ ಎಲ್ಲವನ್ನೂ ಒಂದೇ ಪರವಾನಗಿಯ ಕೆಳಗೆ ತಂದಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆ ವರ್ಷವೇ ಪೊಲೀಸರು ಬಿಗಿ ಮಾಡಿದಾಗ ಎಷ್ಟೋ ಕಡೆ ಲೈವ್ ಸಂಗೀತ ನಿಂತುಹೋಯಿತು. 2025ರ ಫೆಬ್ರವರಿಯಲ್ಲಿ ಚರ್ಚ್ ಸ್ಟ್ರೀಟಿನಲ್ಲಿ ಹಾಡುತ್ತಿದ್ದ ಎಡ್ ಶೀರನ್ ಅವರ ಮೈಕಿನ ತಂತಿಯನ್ನೇ ಪೊಲೀಸರು ಕಿತ್ತರು. ಅದು ದೇಶದ ಸುದ್ದಿಯಾಯಿತು. ಹೆಸರಿಲ್ಲದ ಹುಡುಗರನ್ನು ಎಬ್ಬಿಸಿ ಕಳಿಸಿದರೆ ಸುದ್ದಿಯೂ ಆಗುವುದಿಲ್ಲ.

ಪಬ್ಬುಗಳೂ ಇರುವುದು ಇಂದಿರಾನಗರ, ಕೋರಮಂಗಲದ ಕಡೆ. ಹೊಸಕೆರೆಹಳ್ಳಿಯಿಂದ ಅಲ್ಲಿಗೆ ಗಿಟಾರು, ಆಂಪ್ಲಿಫೈಯರ್ ಹೊತ್ತು ಹೋಗಿ ನಡುರಾತ್ರಿ ಮರಳುವುದು ಮೈಮುರಿಯುವ ಕೆಲಸ. ಹದಿನೆಂಟರ ಹುಡುಗರು ಮದ್ಯದಂಗಡಿಯನ್ನೇ ರಂಗಮಂದಿರ ಮಾಡಿಕೊಳ್ಳಬೇಕಾದ ಊರು ಇದು. ಮನೆಯಲ್ಲಿ ಅಭ್ಯಾಸ ಮಾಡೋಣವೆಂದರೆ ಮೂವತ್ತು ನಲವತ್ತರ ಸೈಟಿನಲ್ಲಿ ಗೋಡೆಗೆ ಗೋಡೆ ಅಂಟಿದೆ. ಮೊಟ್ಟೆ ಟ್ರೇ ಅಂಟಿಸಿದರೆ ಕೋಣೆಯೊಳಗಿನ ಮಾರ್ದನಿ ಒಂದಿಷ್ಟು ತಗ್ಗೀತು, ಡ್ರಮ್ಮಿನ ಸದ್ದು ಹೊರಗೆ ಹೋಗುವುದು ನಿಲ್ಲದು. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45 ಎಂದು ನಿಯಮವಿದೆ. ಪಕ್ಕದ ಮನೆಯ ಅಜ್ಜಿಯ ನಿದ್ದೆಗೆ ಬೆಲೆಯಿದೆ. ಆ ನಿಯಮ ನ್ಯಾಯವಾದದ್ದೇ. ಅದಕ್ಕೇ ನಾನು ಕೇಳುವುದು, ನುಡಿಸಲು ಬೇರೆ ಜಾಗ ಕೊಡಿ ಎಂದು. ಧ್ವನಿವರ್ಧಕದ ಅದೇ ನಿಯಮಗಳಲ್ಲಿ ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗಾಗಿ ವರ್ಷಕ್ಕೆ 15 ದಿನ ಮಧ್ಯರಾತ್ರಿಯವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು ಎಂದಿದೆ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಕ್ಕೆ ಆಗುವ ಹೊಂದಾಣಿಕೆ ಬಡಾವಣೆಯ ಸ್ವಂತ ಮಕ್ಕಳ ಸ್ವಂತ ಹಾಡಿಗೆ ಯಾಕಾಗಬಾರದು?

ನನ್ನ ವಿರುದ್ಧ ಹೇಳಬಹುದಾದ ಒಂದು ನಿಜವಾದ ಮಾತಿದೆ, ಅದನ್ನು ಮರೆಮಾಚುವುದಿಲ್ಲ. ಬೆಂಗಳೂರಿನ ರಾಕ್ ಬಹುಕಾಲ ಕಂಟೋನ್ಮೆಂಟಿನ, ಇಂಗ್ಲಿಷ್ ಶಾಲೆಗಳ, ಗಿಟಾರು ಕೊಳ್ಳಬಲ್ಲವರ ಸೊತ್ತಾಗಿತ್ತು. ಅಲ್ಲಿಗೆ ಕನ್ನಡದ ಹುಡುಗ ಕಾಲಿಟ್ಟರೆ ಅವನ ಉಚ್ಚಾರಣೆಗೆ ನಕ್ಕವರಿದ್ದರು. ಆ ತಪ್ಪು ಆ ಲೋಕದ್ದೇ. ಆದರೆ ಕಾಲ ಬದಲಾಗಿದೆ. ಪಿಇಎಸ್ ವಿಶ್ವವಿದ್ಯಾಲಯದ ಸುತ್ತಮುತ್ತಲ ಪಿ.ಜಿ.ಗಳಲ್ಲಿ ಹಾಸನದ, ದಾವಣಗೆರೆಯ, ಸಿರ್ಸಿಯ, ಕಲಬುರಗಿಯ ಮಕ್ಕಳಿದ್ದಾರೆ. ಅಗ್ಗದ ಗಿಟಾರು ಆನ್‌ಲೈನಿನಲ್ಲಿ ಸಿಗುತ್ತದೆ, ಪಾಠ ಫೋನಿನಲ್ಲೇ ಸಿಗುತ್ತದೆ. ಕನ್ನಡದ ರ‍್ಯಾಪ್ ಕಟ್ಟಿದವರು ಈಗಾಗಲೇ ಆ ಬಾಗಿಲನ್ನು ತಳ್ಳಿ ತೆರೆದಿದ್ದಾರೆ. ಇಂಥ ಹೊತ್ತಿನಲ್ಲಿ “ಅದು ಇಂಗ್ಲಿಷಿನವರದು” ಎಂದು ನಾವೇ ಕೈ ತೊಳೆದುಕೊಂಡರೆ, ಹೊರಗಿಟ್ಟವರ ಕೆಲಸವನ್ನು ನಾವೇ ಪೂರ್ತಿ ಮಾಡಿಕೊಟ್ಟಂತೆ.

ಆಗಬೇಕಾದ್ದು ಅಸಾಧ್ಯವಾದದ್ದೇನಲ್ಲ. ಹೊಸಕೆರೆಹಳ್ಳಿ, ಗಿರಿನಗರ, ಕತ್ರಿಗುಪ್ಪೆಯ ಗಣೇಶೋತ್ಸವ, ರಾಜ್ಯೋತ್ಸವ ಸಮಿತಿಗಳು ಆರ್ಕೆಸ್ಟ್ರಾಕ್ಕೆ ಮೊದಲಿನ ಒಂದು ಗಂಟೆಯನ್ನು ಬಡಾವಣೆಯ ಬ್ಯಾಂಡಿಗೆ ಕೊಡಲಿ, ಸ್ವಂತ ಹಾಡನ್ನೇ ಹಾಡಬೇಕೆಂಬ ಷರತ್ತಿನೊಂದಿಗೆ. ಹನುಮಂತನಗರದ ಕೆ.ಎಚ್. ಕಲಾಸೌಧ ಹವ್ಯಾಸಿ ನಾಟಕ ತಂಡಗಳಿಗೆ ನೆಲೆಯಾದಂತೆ, ಪಾಲಿಕೆಯ ಸಭಾಂಗಣಗಳು ಹವ್ಯಾಸಿ ಬ್ಯಾಂಡುಗಳಿಗೂ ಕೈಗೆಟಕುವ ಬಾಡಿಗೆಗೆ ತೆರೆದುಕೊಳ್ಳಲಿ. ಕಾಲೇಜುಗಳು ಉತ್ಸವದ ಹಣವನ್ನೆಲ್ಲ ಒಬ್ಬ ಸಿನಿಮಾ ಗಾಯಕರಿಗೆ ಸುರಿದು, ತಮ್ಮದೇ ವಿದ್ಯಾರ್ಥಿಗಳ ತಂಡವನ್ನು ಬಿಸಿಲು ಮಧ್ಯಾಹ್ನದಲ್ಲಿ ಖಾಲಿ ಕುರ್ಚಿಗಳ ಮುಂದೆ ನಿಲ್ಲಿಸುವುದನ್ನು ಬಿಡಲಿ. ಪರವಾನಗಿ ಆದೇಶ ತಿದ್ದುಪಡಿಯಾಗಲಿ. ಮದ್ಯವಿಲ್ಲದ ಜಾಗದಲ್ಲಿ, ರಾತ್ರಿ ಹತ್ತರೊಳಗೆ ನಡೆಯುವ ಸಂಗೀತಕ್ಕೆ ಸರಳ ಅನುಮತಿ ಸಿಗಲಿ.

ತಾಯಿತಂದೆಯರಲ್ಲಿ ಒಂದು ಮಾತು. ಮಗಳು ಕೆಲಸಕ್ಕೆ ಹೋಗಲಿ, ಸಂಬಳ ತರಲಿ. ಸಂಜೆ ಡ್ರಮ್ಸಿನ ಕಡ್ಡಿ ಹಿಡಿದು ಹೊರಟಾಗ “ಇನ್ನೂ ಬಿಟ್ಟಿಲ್ಲವಾ?” ಎನ್ನಬೇಡಿ. ಒಮ್ಮೆ ಹೋಗಿ ಆ ಹಾಡನ್ನು ಕೇಳಿ, ಕೇಳಿದ ಮೇಲೆ ಹಾಡು ಚೆನ್ನಾಗಿಲ್ಲವೆನಿಸಿದರೆ ಹಾಗೆಂದೇ ಹೇಳಿ. ಕೇಳದೆಯೇ ತೀರ್ಪು ಕೊಡಬೇಡಿ. ಬ್ಯಾಂಡು ಕಟ್ಟಿದವರಿಗೂ ಒಂದು ಮಾತು. ಸಿನಿಮಾ ಕರೆದರೆ ಹೋಗಿ, ಅದರಲ್ಲಿ ತಪ್ಪಿಲ್ಲ. ಕರೆಯುವವರೆಗೆ ಕಾಯುತ್ತಾ ಮಾತ್ರ ಕೂರಬೇಡಿ. ನಿಮ್ಮ ಬೀದಿಯ ಬಗ್ಗೆ, ನಿಮ್ಮ ಬಾಡಿಗೆ ಕೋಣೆಯ ಬಗ್ಗೆ, ನಿಮಗೆ ಸಿಟ್ಟು ಬರಿಸಿದ್ದರ ಬಗ್ಗೆ ನಿಮ್ಮ ಕನ್ನಡದಲ್ಲಿ ಬರೆದು ಹಾಡಿ, ಅದರ ಹಕ್ಕನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಕನ್ನಡ ತನ್ನ ದೊಡ್ಡ ಹಾಡುಗಳನ್ನು ಪಡೆದದ್ದು ಯಾರ ಅಪ್ಪಣೆಗೂ ಕಾಯದವರಿಂದ. ಮುಂದೆ ಪಡೆಯುವುದೂ ಅಂಥವರಿಂದಲೇ.